ಪದಚರ್ಚೆ: ‘ಸ್ಟಾಫ್ ಟರ್ನೋವರ್’ ಮತ್ತು ‘ಎಕ್ಸಿಟ್ ಇಂಟರ್‌ವ್ಯೂ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ನಮಸ್ಕಾರ,

ಸರ್ಕಾರಿ ನೌಕರರು ಕೆಲಸ ಬಿಟ್ಟು ಹೋಗುವುದರ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಬಿಟ್ಟು ಹೋಗುವವರು ತುಂಬಬೇಕಾದ ಒಂದು ನಮೂನೆಯೂ ಇದೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲನೆಯದು ಟರ್ನೋವರ್, ಅಂದರೆ ಒಂದು ಕಡೆಯಿಂದ ನೌಕರರು ಬಿಟ್ಟು ಹೋಗುವ ಪ್ರಮಾಣ. ಹಳೆಯ ಕರಡಿನಲ್ಲಿ ‘ಸಿಬ್ಬಂದಿ ವಹಿವಾಟು’ ಎಂದಿತ್ತು. ವಹಿವಾಟು ಅಂದರೆ ಹಣದ ವ್ಯವಹಾರ, ಕೊಡು-ಕೊಳ್ಳು. ಅಂಗಡಿಯ ಟರ್ನೋವರ್‌ಗೆ ಅದು ಸರಿ. ಮನುಷ್ಯರಿಗೆ ಹಚ್ಚಿದರೆ ಅರ್ಥವೇ ಕೆಡುತ್ತದೆ. ಇದನ್ನು ತೆಗೆದುಹಾಕಿದ್ದೇನೆ. ಆದರೆ ಆ ಜಾಗಕ್ಕೆ ಇನ್ನೂ ಏನೂ ಸಿಕ್ಕಿಲ್ಲ.

ಇಂಗ್ಲಿಷ್ ಪದದ ಹಿಂದಿನ ಲೆಕ್ಕ ಸುಲಭ. ಒಂದು ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಆ ವರ್ಷದ ಸರಾಸರಿ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. 40 ಜನರ ಕಚೇರಿಯಿಂದ 6 ಜನ ಹೋದರೆ ಶೇ. 15. ಕಷ್ಟ ಇರುವುದು ‘ಬಿಟ್ಟವರು’ ಯಾರು ಎಂಬಲ್ಲಿ. ಸರ್ಕಾರಿ ಕೆಲಸದಲ್ಲಿ ಒಬ್ಬರು ರಾಜೀನಾಮೆ ಕೊಡುತ್ತಾರೆ, ಒಬ್ಬರು ನಿವೃತ್ತರಾಗುತ್ತಾರೆ, ಒಬ್ಬರು ಸ್ವಯಂ ನಿವೃತ್ತಿ ಪಡೆಯುತ್ತಾರೆ, ಒಬ್ಬರು ವಜಾ ಆಗುತ್ತಾರೆ. ಇನ್ನು ಕೆಲವರಿಗೆ ವರ್ಗ ಆಗುತ್ತದೆ, ಅಥವಾ ನಿಯೋಜನೆ ಮೇಲೆ ಬೇರೆ ಕಡೆ ಹೋಗುತ್ತಾರೆ. ಆ 6 ಜನರಲ್ಲಿ 4 ಜನ ವರ್ಗವಾಗಿ ಹೋದವರು ಅಂದುಕೊಳ್ಳಿ. ಕಚೇರಿಯಲ್ಲಿ 6 ಕುರ್ಚಿ ಖಾಲಿ. ಸರ್ಕಾರ ಕಳೆದುಕೊಂಡಿದ್ದು ಇಬ್ಬರನ್ನು ಮಾತ್ರ. ಎರಡಕ್ಕೂ ಒಂದೇ ಪದ ಸಾಕಾ?

ಬೇರೆ ಕಡೆಯೂ ಇದನ್ನು ಬಿಡಿಸಿಯೇ ಎಣಿಸುತ್ತಾರೆ. ಅಮೆರಿಕದ ಕಾರ್ಮಿಕ ಅಂಕಿಅಂಶಗಳ ಸಂಸ್ಥೆ ತಿಂಗಳು ತಿಂಗಳೂ ನಡೆಸುವ ಸಮೀಕ್ಷೆಯಲ್ಲಿ ಸರ್ಕಾರಿ ಕೆಲಸಗಳೂ ಸೇರಿವೆ. ಅಲ್ಲಿ ಮೂರು ಗುಂಪು: ತಾವಾಗಿ ಬಿಟ್ಟವರು, ಕೆಲಸದಿಂದ ತೆಗೆಯಲ್ಪಟ್ಟವರು, ಇತರೆ. ನಿವೃತ್ತಿ, ಬೇರೆ ಜಾಗಕ್ಕೆ ವರ್ಗ, ಸಾವು, ಇವೆಲ್ಲ ‘ಇತರೆ’ಯಲ್ಲಿ ಬರುತ್ತವೆ.

ನನಗೆ ತೋಚಿದ ಪದಗಳಲ್ಲಿ ಒಂದು ‘ತೆರವು’. ಹುದ್ದೆ ತೆರವಾಯಿತು ಎನ್ನುವುದು ರೂಢಿಯಲ್ಲೇ ಇದೆ. ಆದರೆ ‘ಸಿಬ್ಬಂದಿ ತೆರವು’ ಎಂದ ಕೂಡಲೇ ಒತ್ತುವರಿ ತೆರವು ನೆನಪಾಗುತ್ತದೆ. ಯಾರೋ ಬಂದು ಎಬ್ಬಿಸಿ ಕಳಿಸಿದ ಹಾಗೆ. ‘ಹೊರಹರಿವು’ ಚೆನ್ನಾಗಿದೆ, ಅಣೆಕಟ್ಟಿನ ನೀರಿನ ಲೆಕ್ಕದಿಂದ ಎಲ್ಲರಿಗೂ ಗೊತ್ತಿರುವ ಮಾತು. ಒಳಹರಿವು ಎಂಬ ಜೋಡಿಯೂ ಸಿದ್ಧವಾಗಿದೆ. ಹೋದವರ ಜಾಗ ತುಂಬದೇ ಜನ ಕಡಿಮೆಯಾಗುತ್ತಾ ಹೋಗುವುದಕ್ಕೆ, ಅಂದರೆ ಅಟ್ರಿಷನ್‌ಗೆ, ‘ಸವಕಳಿ’ ಹೊಂದುತ್ತದೆ ಅನ್ನಿಸಿತು. ಆದರೆ ಲೆಕ್ಕಪತ್ರದವರು ಸವಕಳಿ ಅಂದರೆ ಯಂತ್ರ, ಪೀಠೋಪಕರಣಗಳ ಬೆಲೆ ಇಳಿಯುವುದು ಎಂದೇ ಓದುತ್ತಾರೆ. ಒಂದೇ ಕಡತದಲ್ಲಿ ಎರಡೂ ಬಂದರೆ ಗೊಂದಲ.

ಎರಡನೆಯದು ಎಕ್ಸಿಟ್ ಇಂಟರ್‌ವ್ಯೂ, ಅಂದರೆ ಕೆಲಸ ಬಿಡುವವರನ್ನು ಕೂರಿಸಿಕೊಂಡು ಯಾಕೆ ಬಿಡುತ್ತಿದ್ದೀರಿ ಎಂದು ಕೇಳುವುದು. ಇದು ನನ್ನನ್ನು ಇನ್ನೂ ಜಾಸ್ತಿ ಕಾಡಿದೆ. ‘ನಿರ್ಗಮನ ಸಂದರ್ಶನ’ ಎಂದು ಹಾಕಿದ ನಮೂನೆಯನ್ನು ಕೆಲಸ ಬಿಡುತ್ತಿದ್ದ ಒಬ್ಬ ಪರಿಚಯದವರಿಗೆ ತೋರಿಸಿದೆ. ಅವರು ಮೊದಲು ಕೇಳಿದ್ದು, “ಇದರಲ್ಲಿ ಪಾಸಾದರೆ ಮಾತ್ರ ರಿಲೀವ್ ಮಾಡ್ತಾರಾ?” ತಪ್ಪು ಅವರದಲ್ಲ. ಸಂದರ್ಶನ ಅಂದರೆ ಆಯ್ಕೆ ಮಾಡುವುದು ಎಂದೇ ನಮ್ಮೆಲ್ಲರ ಮನಸ್ಸಿನಲ್ಲಿ ಕೂತಿದೆ. ‘ಕಾರಣ’ ಎಂಬ ಖಾನೆಯಲ್ಲಿ ಅವರು ಬರೆದದ್ದು ಒಂದೇ ಪದ: ‘ವೈಯಕ್ತಿಕ’. ನಮೂನೆಯನ್ನು ಪಕ್ಕಕ್ಕಿಟ್ಟು, “ಬಿಡಬೇಕು ಅಂತ ಮೊದಲು ಅನ್ನಿಸಿದ್ದು ಯಾವಾಗ?” ಎಂದು ಕೇಳಿದೆ. ಅರ್ಧ ಗಂಟೆ ಮಾತಾಡಿದರು. ಖಾಲಿ ಇದ್ದ ಎರಡು ಹುದ್ದೆಗಳ ಪ್ರಭಾರವೂ ಅವರ ಮೇಲೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅವರೂ ಬರೆದು ಕೊಟ್ಟಿರಲಿಲ್ಲ.

ಅವತ್ತಿನಿಂದ ರಾಜೀನಾಮೆ ಎಂಬ ಪದವನ್ನೇ ಯೋಚಿಸುತ್ತಿದ್ದೇನೆ. ಪಾರಸಿಯಿಂದ ಬಂದದ್ದು, ಮೂಲದಲ್ಲಿ ‘ಒಪ್ಪಿಗೆಯ ಪತ್ರ’. ಹಿಂದಿಯಲ್ಲಿ ಇವತ್ತಿಗೂ ಅದು ರಾಜಿಪತ್ರವೇ. ಹಳೆಯ ಮುಂಬಯಿ ಪ್ರಾಂತ್ಯದ ಕಂದಾಯದ ಕಾಗದಗಳಲ್ಲಿ ರೈತ ಜಮೀನು ಬಿಟ್ಟುಕೊಡುವ ಪತ್ರಕ್ಕೂ ಇದೇ ಹೆಸರು. ಒಪ್ಪಿ ಬಿಡುತ್ತಿದ್ದೇನೆ ಎಂದಷ್ಟೇ ಅದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಆ ‘ಯಾಕೆ’ಯನ್ನು ಕೇಳುವುದೇ ಎಕ್ಸಿಟ್ ಇಂಟರ್‌ವ್ಯೂ ಕೆಲಸ, ಅಲ್ವಾ? ಅದಕ್ಕೇ ಇದನ್ನು ನೇರ ಮೇಲಧಿಕಾರಿ ಬದಲು ಬೇರೆಯವರು ಮಾಡಲಿ, ಹೇಳಿದ್ದು ಗುಟ್ಟಾಗಿರಲಿ ಎನ್ನುತ್ತಾರೆ. ಹೆಸರೇ ಹೆದರಿಸಿದರೆ ಬಾಯಿ ಬಿಡುವವರು ಯಾರು?

ಆದ್ದರಿಂದ ‘ವಿಚಾರಣೆ’ ಬೇಡ. ಸರ್ಕಾರಿ ನೌಕರರಿಗೆ ಅದು ಇಲಾಖಾ ವಿಚಾರಣೆ. ‘ಹೇಳಿಕೆ’ಯೂ ಬೇಡ. ‘ಬೀಳ್ಕೊಡುಗೆ ಮಾತುಕತೆ’ ಕಿವಿಗೆ ಹಿತವಾಗಿದೆ. ಹೊರಡುವವರು ಬೀಳ್ಕೊಳ್ಳುತ್ತಾರೆ, ಉಳಿದವರು ಬೀಳ್ಕೊಡುತ್ತಾರೆ, ಎಷ್ಟು ಅಂದದ ಜೋಡಿ! ಆದರೆ ಬೀಳ್ಕೊಡುಗೆ ಈಗ ಸಮಾರಂಭದ ಪದವಾಗಿದೆ. ಅಲ್ಲಿ ಹೊಗಳುತ್ತಾರೆ, ಕಷ್ಟ ಹೇಳಿಕೊಳ್ಳುವುದಿಲ್ಲ. ಸದ್ಯಕ್ಕೆ ‘ಹೊರಡುವ ಮುನ್ನ ಮಾತುಕತೆ’ ಎಂದು ಬರೆದಿದ್ದೇನೆ. ಪದ ಉದ್ದ ಆಯಿತು, ಆದರೆ ಓದಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ.

ನನ್ನ ಕೇಳಿಕೆ ಇಷ್ಟು. ಕಚೇರಿ ಬಿಟ್ಟವರು ಮತ್ತು ಸೇವೆಯನ್ನೇ ಬಿಟ್ಟವರು, ಈ ಎರಡಕ್ಕೂ ಬೇರೆ ಬೇರೆ ಚಿಕ್ಕ ಪದ ನಿಮ್ಮ ಕಚೇರಿಯ ಮಾತಿನಲ್ಲಿ ಇವೆಯೇ? ‘ಸಿಬ್ಬಂದಿ ಹೊರಹರಿವು’ ನಿಮಗೆ ಸಹಜವಾಗಿ ಕೇಳುತ್ತದೆಯೇ? ಆಡಳಿತ ಶಾಖೆಯಲ್ಲಿ ಕೆಲಸ ಮಾಡಿದವರು ಬರೆದರೆ ತುಂಬಾ ಉಪಕಾರ. ನೀವು ಬಾಯಿಮಾತಿನಲ್ಲಿ ಏನನ್ನುತ್ತೀರೋ ಅದನ್ನೇ ಬರೆಯಿರಿ, ತಿದ್ದಿ ತೀಡುವುದು ಬೇಡ.