ಮಾಜಿ ಯೋಧರಿಗೆ ಯುನಿಟ್ ಲಾಂಛನದ ಮ್ಯಾಗ್ನೆಟ್: ಮಾಡಿಸಿದವರ ಅನುಭವ

ಪ್ರಶ್ನೆ: ಸೇನೆಯಿಂದ ನಿವೃತ್ತರಾದ ನಮ್ಮ ಮಾವನವರಿಗೆ ಅವರ ಯುನಿಟ್‌ನ ಲಾಂಛನವಿರುವ ಮ್ಯಾಗ್ನೆಟ್‌ಗಳನ್ನು ಮಾಡಿಸಿ ಕೊಡಬೇಕೆಂದಿದ್ದೇನೆ. ಒಂದು ಫ್ರಿಜ್‌ಗೆ, ಒಂದು ಕಾರಿಗೆ. ಮಾಡಿಸಿದವರು ದಯವಿಟ್ಟು ತಿಳಿಸಿ.

ಉತ್ತರ: ಅಂತರ್ಜಾಲದಲ್ಲಿ ಮೊದಲು ಕಣ್ಣಿಗೆ ಬಿದ್ದ ಚಿತ್ರವನ್ನು ಅಚ್ಚಿಗೆ ಕೊಡಬೇಡಿ, ಇದು ನನ್ನ ಕಳಕಳಿಯ ಮಾತು. ಯುನಿಟ್‌ಗಳು ವಿಲೀನವಾಗುತ್ತವೆ, ವಿಸರ್ಜನೆಯಾಗುತ್ತವೆ, ಲಾಂಛನಗಳೂ ಬದಲಾಗುತ್ತವೆ. ಸ್ಕಾಟ್ಲೆಂಡಿನ ಬ್ಲ್ಯಾಕ್ ವಾಚ್ ಎಂಬ ರೆಜಿಮೆಂಟ್ 2006ರಲ್ಲಿ ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡ್‌ನ ಮೂರನೆಯ ಬೆಟಾಲಿಯನ್ ಆಯಿತು. ಅದಕ್ಕೂ ಮೊದಲೇ ನಿವೃತ್ತರಾದವರ ಕೈಗೆ ಹೊಸ ರೆಜಿಮೆಂಟಿನ ಬಿಲ್ಲೆ ಕೊಟ್ಟರೆ, ಅವರು ಎಂದೂ ಧರಿಸದ ಗುರುತನ್ನು ಕೊಟ್ಟಂತಾಗುತ್ತದೆ. ನಿಮ್ಮ ಮಾವನವರು ಸೇವೆಯಲ್ಲಿದ್ದ ಕಾಲದ ಲಾಂಛನವನ್ನೇ ಹುಡುಕಿ. ಹಳೆಯ ಸಮವಸ್ತ್ರ, ಟೋಪಿಯ ಬಿಲ್ಲೆ, ಆಗಿನ ಫೋಟೋಗಳು ಮನೆಯಲ್ಲೇ ಇದ್ದರೆ ಅವಕ್ಕಿಂತ ನಂಬಿಕೆಯ ಮಾದರಿ ಬೇರೆ ಇಲ್ಲ.

ಸಣ್ಣ ವಿವರಗಳನ್ನೂ ಬಿಡಬೇಡಿ. ಅಮೆರಿಕದ 101ನೆಯ ಏರ್‌ಬೋರ್ನ್ ಡಿವಿಷನ್ನಿನ ಲಾಂಛನದಲ್ಲಿ ಹದ್ದಿನ ತಲೆಯ ಮೇಲ್ಗಡೆ ‘ಏರ್‌ಬೋರ್ನ್’ ಎಂದು ಬರೆದ ಕಮಾನಿನಾಕಾರದ ಪಟ್ಟಿಯಿರುತ್ತದೆ. ಜಾಗ ಸಾಲದೆಂದು ಅದನ್ನು ಕತ್ತರಿಸಿದರೆ ಲಾಂಛನವೇ ಅಪೂರ್ಣ. ಆ ಹದ್ದು ಕೂಡ ಬರಿಯ ಅಲಂಕಾರವಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ವಿಸ್ಕಾನ್ಸಿನ್ ರಾಜ್ಯದ 8ನೆಯ ರೆಜಿಮೆಂಟ್ ರಣರಂಗಕ್ಕೆ ಜೊತೆಯಲ್ಲೇ ಕೊಂಡೊಯ್ದಿದ್ದ ‘ಓಲ್ಡ್ ಏಬ್’ ಎಂಬ ನಿಜವಾದ ಹದ್ದಿನ ನೆನಪು ಅದು. ಇಂತಹ ಕಥೆ ನಿಮ್ಮ ಮಾವನವರ ಯುನಿಟ್‌ಗೂ ಇದ್ದೀತು, ಕೇಳಿ ನೋಡಿ. ಹೆಸರು, ಸೇವೆಯ ವರ್ಷಗಳನ್ನು ಫ್ರಿಜ್‌ನ ಮ್ಯಾಗ್ನೆಟ್ ಮೇಲೆ ಹಾಕಿಸಬಹುದು. ಬೀದಿಯಲ್ಲಿ ಓಡಾಡುವ ಕಾರಿನ ಮೇಲೆ ಲಾಂಛನವೊಂದೇ ಸಾಕು.

ಇನ್ನೊಬ್ಬರ ಉತ್ತರ: ನಾನು ವಸ್ತುವಿನ ಬಗ್ಗೆ ಹೇಳುತ್ತೇನೆ. ಮೊದಲು ಯಾವುದಾದರೂ ಮ್ಯಾಗ್ನೆಟ್ ಹಿಡಿದು ಪರೀಕ್ಷಿಸಿ. ಕೆಲವು ಸ್ಟೀಲ್ ಬಾಗಿಲಿನ ಫ್ರಿಜ್‌ಗಳಿಗೆ ಅದು ಅಂಟುವುದೇ ಇಲ್ಲ. ಕಾರಿನ ಬಂಪರ್ ಸಾಮಾನ್ಯವಾಗಿ ಪ್ಲಾಸ್ಟಿಕ್, ಕೆಲವು ಕಾರುಗಳ ಬಾನೆಟ್ ಅಲ್ಯೂಮಿನಿಯಂ. ಅಲ್ಲೂ ನಿಲ್ಲುವುದಿಲ್ಲ. ಕಾರಿಗೆ ಸುಮಾರು 0.75 ಮಿಲಿಮೀಟರ್ ದಪ್ಪದ ಮ್ಯಾಗ್ನೆಟ್ ಹಾಳೆ ಬೇಕು; ಫ್ರಿಜ್‌ಗೆ ಅದಕ್ಕಿಂತ ತೆಳುವಾದದ್ದೂ ನಡೆಯುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಗಾಳಿಗೆ ಎದ್ದು ಹಾರುವ ಭಯ ಕಡಿಮೆ. ಬಿಸಿಲಿಗೆ ಬಣ್ಣ ಬೇಗ ಮಾಸದಂತೆ ಮೇಲೆ ಅತಿನೇರಳೆ ಕಿರಣಗಳನ್ನು ತಡೆಯುವ ಲ್ಯಾಮಿನೇಷನ್ ಇರಲಿ. ಆಗಾಗ ತೆಗೆದು ಮ್ಯಾಗ್ನೆಟ್‌ನ ಹಿಂಬದಿಯನ್ನೂ ಕಾರಿನ ಮೈಯನ್ನೂ ತೊಳೆದು ಒಣಗಿಸಿ. ನಡುವೆ ಸಿಕ್ಕಿಕೊಂಡ ಧೂಳು ಮತ್ತು ತೇವ ಬಣ್ಣವನ್ನು ಕೆಡಿಸುತ್ತವೆ. ಹೊಸದಾಗಿ ಬಣ್ಣ ಬಳಿಸಿದ ಭಾಗಕ್ಕೆ ಸದ್ಯ ಅಂಟಿಸಬೇಡಿ. ಮಡಚಿ ಇಡಬೇಡಿ.

ಮತ್ತೊಬ್ಬರು: ಲೋಹದ ಬಿಲ್ಲೆಯ ಹಿಂದೆ ಪುಟ್ಟದಾದರೂ ಬಹಳ ಬಲವಾದ ನಿಯೋಡಿಮಿಯಂ ಮ್ಯಾಗ್ನೆಟ್ ಕೂರಿಸಿದವು ನೋಡಲು ಬಹಳ ಚೆನ್ನಾಗಿರುತ್ತವೆ. ಆದರೆ ಮಾವನವರಿಗೆ ಪೇಸ್‌ಮೇಕರ್ ಇದ್ದರೆ ಅವನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು, ಜೇಬಿನಲ್ಲಂತೂ ಇಟ್ಟುಕೊಳ್ಳಲೇಬಾರದು. ಚಿಕ್ಕ ಮಕ್ಕಳಿರುವ ಮನೆಗೆ ಅವು ಬೇಡವೇ ಬೇಡ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಪದರಗಳ ನಡುವೆ ಒಂದನ್ನೊಂದು ಸೆಳೆದು ಪ್ರಾಣಕ್ಕೇ ಕುತ್ತು ತರಬಹುದು. ಪದಕಗಳ ರಿಬ್ಬನ್ ಸಾಲನ್ನೂ ಅಚ್ಚು ಹಾಕಿಸುವುದಾದರೆ ಅವುಗಳ ಕ್ರಮ ತಪ್ಪಬಾರದು. ಉಡುಗೊರೆಯ ಗುಟ್ಟು ರಟ್ಟಾದರೂ ಪರವಾಗಿಲ್ಲ, ಅಚ್ಚಿಗೆ ಹೋಗುವ ಮೊದಲು ಕರಡನ್ನು ಅವರಿಗೇ ತೋರಿಸಿ.