ಸ್ಕ್ರಬ್ ಟೈಫಸ್ ಜ್ವರ ಬಿಟ್ಟಿದೆ, ಆದರೆ ಕಿವಿ ಕೇಳಿಸುತ್ತಿಲ್ಲ. ಯಾರಿಗಾದರೂ ಹೀಗಾಗಿತ್ತಾ?

ಪ್ರಶ್ನೆ: ಅಪ್ಪನಿಗೆ 62 ವರ್ಷ, ಶಿವಮೊಗ್ಗ ಕಡೆ ಅಡಿಕೆ ತೋಟ. ಸ್ಕ್ರಬ್ ಟೈಫಸ್ (ನುಸಿಯ ಮರಿ ಕಚ್ಚಿ ಬರುವ ಜ್ವರ) ಅಂತ ಗೊತ್ತಾಗಿ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ ಶುರು ಮಾಡಿ ನಾಲ್ಕು ದಿನ ಆಯಿತು. ಜ್ವರ ಬಿಟ್ಟಿದೆ. ಆದರೆ ಎರಡೂ ಕಿವಿ ಮಂದ, ಒಳಗೆ ಗುಂಯ್ ಅನ್ನುತ್ತೆ ಅಂತಾರೆ. ಇದು ವಯಸ್ಸಿನದ್ದಾ, ಕಾಯಿಲೆಯದ್ದಾ?

ಉತ್ತರ 1: ಕಾಯಿಲೆಯದ್ದೇ ಇರಬಹುದು, ವಯಸ್ಸು ಅಂತ ಸುಮ್ನೆ ಬಿಡಬೇಡಿ. ನಮ್ಮ ಅಮ್ಮನಿಗೂ ಎರಡನೇ ವಾರದಲ್ಲಿ ಕಿವಿ ಮಂದವಾಗಿತ್ತು. ಅವರಿಗೆ ಮೊದಲು ಟೈಫಾಯಿಡ್ ಅಂದುಕೊಂಡು ಆರು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರು, ಆ ಔಷಧಿ ಈ ರೋಗಾಣುವಿಗೆ ನಾಟುವುದೇ ಇಲ್ಲವಂತೆ, ಅಷ್ಟರಲ್ಲಿ ಕುತ್ತಿಗೆ ಬಿಗಿದುಕೊಂಡು ಏನೇನೋ ಮಾತಾಡಲು ಶುರು ಮಾಡಿದರು. ಬೆನ್ನಿನಿಂದ ನೀರು ತೆಗೆದು ನೋಡಿದಾಗ ಮಿದುಳಿನ ಪೊರೆಗೂ ಸೋಂಕು ಹೋಗಿದ್ದು ಗೊತ್ತಾಯಿತು. ಈ ರೋಗ ಸಣ್ಣ ಸಣ್ಣ ರಕ್ತನಾಳಗಳ ಒಳಗೋಡೆಗೇ ಕೈ ಹಾಕುತ್ತೆ, ಹಾಗಾಗಿ ಶ್ವಾಸಕೋಶ, ಕಿಡ್ನಿ, ಹೃದಯ, ಕಿವಿ, ಎಲ್ಲಿ ಬೇಕಾದರೂ ತೊಂದರೆ ಕಾಣಿಸಬಹುದು ಅಂದರು ಡಾಕ್ಟರು. ಕೊನೆಗೆ ಸ್ನಾನ ಮಾಡಿಸುವಾಗ ಎದೆಯ ಕೆಳಗೆ, ನುಸಿ ಕಚ್ಚಿದ ಜಾಗದಲ್ಲಿ, ಕಪ್ಪು ಹಕ್ಕಳೆ ಕಂಡಿದ್ದು ನನಗೇ. ಬೀಡಿ ತಾಗಿಸಿ ಸುಟ್ಟ ಹಾಗಿತ್ತು, ನೋವಿಲ್ಲ, ತುರಿಕೆ ಇಲ್ಲ, ಮತ್ತೆ ಯಾರಿಗೆ ಗೊತ್ತಾಗಬೇಕು? ಅದರಿಂದ ಸ್ಕ್ರಬ್ ಟೈಫಸ್ ಅಂತ ಗೊತ್ತಾಗಿ ಔಷಧಿ ಬದಲಾದ ಎರಡೇ ದಿನಕ್ಕೆ ಜ್ವರ ಇಳಿಯಿತು. ಕಿವಿ ಸರಿಹೋಗಲು ಮೂರು ವಾರ ಹಿಡಿಯಿತು. ಕಿವಿ ಡಾಕ್ಟರ ಹತ್ತಿರ ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳಿಸುತ್ತೆ ಅನ್ನೋ ಪರೀಕ್ಷೆ) ಮಾಡಿಸಿಬಿಡಿ.

ಉತ್ತರ 2: ನನಗೆ ಆಗಿದ್ದು ಬೇರೆ. ಬಲಗಡೆ ಪಕ್ಕೆಲುಬಿನ ಕೆಳಗೆ ತಡೆಯಲಾರದ ನೋವು. ಸ್ಕ್ಯಾನ್‌ನಲ್ಲಿ ಪಿತ್ತಕೋಶ ಊದಿತ್ತು, ಕಲ್ಲು ಮಾತ್ರ ಇರಲಿಲ್ಲ. ಆಪರೇಷನ್‌ಗೆ ದಿನ ಗೊತ್ತಾಗಿತ್ತು! ಜ್ವರ ಇದೆಯಲ್ಲ ಅಂತ ಒಬ್ಬರು ಸ್ಕ್ರಬ್ ಟೆಸ್ಟ್ ಮಾಡಿಸಿದರು, ಪಾಸಿಟಿವ್ ಬಂತು, ಮಾತ್ರೆಯಲ್ಲೇ ವಾಸಿಯಾಯಿತು.

ಉತ್ತರ 3: ನಾನು ನರ್ಸ್. ಹಕ್ಕಳೆಯನ್ನು ಕಂಕುಳು, ತೊಡೆಸಂದು, ಸೊಂಟದ ದಾರದ ಕೆಳಗೆ ಹುಡುಕಿ. ಆದರೆ ಅದು ಕಾಣಲಿಲ್ಲ ಅಂದರೆ ರೋಗ ಇಲ್ಲ ಅಂತ ಅಲ್ಲ. ಇದು ಮಂಗನ ಕಾಯಿಲೆಯ ಉಣುಗಿನಿಂದ ಬರುವುದಲ್ಲ, ಕಣ್ಣಿಗೆ ಬೀಳದಷ್ಟು ಚಿಕ್ಕ ನುಸಿಯ ಮರಿ ಕಚ್ಚಿ ಬರುವುದು. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಅಪ್ಪನ ಪಕ್ಕ ಧೈರ್ಯವಾಗಿ ಕೂತುಕೊಳ್ಳಿ. ಜ್ವರ ಬಿಟ್ಟಿತು ಅಂತ ಮಾತ್ರೆ ಮಧ್ಯದಲ್ಲಿ ನಿಲ್ಲಿಸಬೇಡಿ. ಏದುಸಿರು, ಮಂಪರು, ಕಣ್ಣು ಹಳದಿ, ಒಂದು ವಸ್ತು ಎರಡಾಗಿ ಕಾಣುವುದು, ಇದರಲ್ಲಿ ಯಾವುದಿದ್ದರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಪರಿಸ್ಥಿತಿ ಗಂಭೀರವಾದರೆ ಡಾಕ್ಸಿಸೈಕ್ಲಿನ್ ಜೊತೆ ಅಜಿಥ್ರೋಮೈಸಿನ್ (ಇನ್ನೊಂದು ಆಂಟಿಬಯಾಟಿಕ್) ಕೂಡ ರಕ್ತನಾಳಕ್ಕೆ ಕೊಡುತ್ತಾರೆ. ಎರಡೂ ಸೇರಿದರೆ ಒಂದೊಂದಕ್ಕಿಂತ ಒಳ್ಳೆಯದು ಅಂತ ನಮ್ಮ ದೇಶದಲ್ಲೇ ನಡೆದ ಪರೀಕ್ಷೆ 2023ರಲ್ಲಿ ತೋರಿಸಿದೆ. ಅಪ್ಪನಿಗೆ ಮೂತ್ರ ಸರಿಯಾಗಿ ಹೋಗುತ್ತಿದೆಯಾ? ಅದನ್ನು ಇವತ್ತೇ ನೋಡಿ ಬರೆಯಿರಿ.