ಬಾಯಿಮಾತಿನ ಎಕ್ಸ್‌ಟ್ರಾ ಕೆಲಸ, ಬಾಕಿ ಬಿಲ್ಲು: ವಕೀಲರನ್ನು ಕೇಳಿ

ಅಡ್ಮಿನ್: ಮನೆ ಕಟ್ಟಿಸೋರು, ಕಟ್ಟೋರು ಇಬ್ಬರೂ ಇರೋ ಗುಂಪು ಇದು. ಈ ಫೆಬ್ರವರಿ ತಿಂಗಳ (2026) ಪ್ರಶ್ನೋತ್ತರ ಕರಾರು, ಬಾಕಿ ಬಿಲ್ಲಿನ ಬಗ್ಗೆ. ವಕೀಲರು ಬಂದಿದ್ದಾರೆ. ಶುಭ ಸಂಜೆ ಫೋಟೋ ಹಾಕಬೇಡಿ.

ತುಮಕೂರಿನ ಮಾಲೀಕ: ಸರ್, 12 ಚದರದ ಮನೆ, ಮೆಟೀರಿಯಲ್ ಸಮೇತ ಗುತ್ತಿಗೆ. ಮುಕ್ಕಾಲು ದುಡ್ಡು ಕೊಟ್ಟಾಗಿದೆ, ಕೆಲಸ ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ) ಮಟ್ಟಕ್ಕೇ ನಿಂತಿದೆ. ಕಾಂಟ್ರ್ಯಾಕ್ಟರ್ ಫೋನ್ ಎತ್ತಲ್ಲ.

ವಕೀಲರು: ಬೇರೆಯವರು ಕೈ ಹಾಕೋ ಮುಂಚೆ ಎಂಜಿನಿಯರ್ ಕರೆಸಿ, ಆಗಿರೋ ಕೆಲಸದ ಅಳತೆ, ಬೆಲೆ ಬರೆಸಿಕೊಳ್ಳಿ. ಹೊಸಬ ಗೋಡೆ ಏರಿಸಿದ ಮೇಲೆ ಯಾರದೆಷ್ಟು ಅಂತ ದೇವರಿಗೂ ಗೊತ್ತಾಗಲ್ಲ. ನೋಟಿಸ್ ಕೊಡಿ; ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು.

ಹಾಸನ, ಟೈಲ್ಸ್ ಕೆಲಸ: ಮಾಲೀಕರು ಕೊಟ್ಟ ಚೆಕ್ ಬೌನ್ಸ್ ಆಯ್ತು ಸರ್.

ವಕೀಲರು: ಚೆಕ್ ವಾಪಸಾಯ್ತು ಅನ್ನೋ ಬ್ಯಾಂಕ್ ಮೆಮೊ ಬಂದ 30 ದಿನದೊಳಗೆ ನೋಟಿಸ್. ತಲುಪಿದ ಮೇಲೆ ಅವರಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು.

ಮೈಸೂರು, ಸೆಂಟ್ರಿಂಗ್: ನಮ್ಮ ಹುಡುಗ ಮೋಲ್ಡ್ ಹಾಕುವಾಗ ಬಿದ್ದು ಕಾಲು ಮುರ್ಕೊಂಡ. ಆಸ್ಪತ್ರೆ ಖರ್ಚು ಯಾರದು?

ದಾವಣಗೆರೆ ಮೇಸ್ತ್ರಿ: ಸರ್, ಚದರಡಿ ಲೆಕ್ಕದಲ್ಲಿ ಮನೆ ಕಟ್ಟಿಕೊಟ್ಟೆ. ನಕ್ಷೇಲಿ ಪ್ಲಿಂತ್ (ನೆಲದಿಂದ ಮನೆ ಏರಿಸೋ ಪಾಯದ ಕಟ್ಟೆ) ಎರಡಡಿ. ಮುಂದೆ ರಸ್ತೆ ಏರುತ್ತೆ ಅಂತ ಮಾಲೀಕರೇ ನಾಲ್ಕಡಿ ಮಾಡಿಸಿದ್ರು. ಸಂಪೂ ದೊಡ್ಡದಾಯ್ತು. ಕೇಳಿದ್ದಕ್ಕೆ ವಾಟ್ಸಾಪಲ್ಲಿ "ಮಾಡಿ ಮೇಸ್ತ್ರಿ, ಲೆಕ್ಕ ಕೊನೇಲಿ ನೋಡೋಣ" ಅಂದ್ರು. 4.10 ಲಕ್ಷ ಬಾಕಿ. ಈಗ ಎಲ್ಲಾ ರೇಟಲ್ಲೇ ಸೇರಿದೆ ಅಂತಾರೆ. 2024ರಲ್ಲಿ ಫೋನ್‌ಪೇ ಮಾಡಿದ ಹತ್ತು ಸಾವಿರ ಬಿಟ್ಟರೆ ಬಿಡಿಗಾಸಿಲ್ಲ. ವಿಧಾನಸಭೆ ಚುನಾವಣೆ ಆದ ವಾರ ಗೃಹಪ್ರವೇಶ ಆಗಿತ್ತು.

ಶಿವಮೊಗ್ಗ ಸದಸ್ಯ: ಅಣ್ಣ, ಒಂದು ನೋಟಿಸ್ ಬಿಸಾಕಿ. ನೋಟಿಸ್ ಕೊಟ್ಟರೆ ಇನ್ನೂ ಮೂರು ವರ್ಷ ಸಿಗುತ್ತೆ. ಫಾರ್ವರ್ಡ್ ಬಂದಿತ್ತು.

ವಕೀಲರು: ಇಂಥ ಫಾರ್ವರ್ಡಿಂದಲೇ ಜನ ಮುಳುಗೋದು. ನೋಟಿಸಿಂದ ದಾವೆ ಹಾಕೋ ಅವಧಿ ಒಂದು ದಿನವೂ ಮುಂದೆ ಹೋಗಲ್ಲ.

ಮೇಸ್ತ್ರಿಗಳೇ, ಗಮನಕೊಟ್ಟು ಓದಿ. ಮತದಾನ ಆಗಿದ್ದು 2023 ಮೇ 10. ಮಾಡಿದ ಕೆಲಸದ ದುಡ್ಡಿಗೆ, ಕೊಡೋ ದಿನ ಗೊತ್ತು ಮಾಡಿರದಿದ್ದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದಲ್ಲಿ ದಾವೆ ಹಾಕಬೇಕು. ಗೃಹಪ್ರವೇಶದಿಂದ ಎಣಿಸಿದರೂ ಉಳಿದಿರೋದು ಮೂರು ತಿಂಗಳಷ್ಟೇ. ನನಗೆ ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ಪ್ಲಿಂತ್ ಏರಿಸಿದ್ದು 2022ರಲ್ಲಿ ಇರಬೇಕಲ್ಲ? "ಅದು ಬೇರೆ ಕೆಲಸ, ಅವಧಿ ಆಗಲೇ ಮುಗಿದಿದೆ" ಅಂತ ಎದುರಿನ ವಕೀಲರು ವಾದಿಸ್ತಾರೆ. ನಾನಾದ್ರೂ ಹಾಗೇ ವಾದಿಸ್ತೀನಿ. ಇಡೀ ಮನೆ ಒಂದೇ ಕೆಲಸ, ಮುಗಿದಿದ್ದು ಕೊನೇಲಿ ಅಂತ ನೀವು ತೋರಿಸಬೇಕು. ಕೊನೇ ದಿನ ಮಾಡಿದ ಕೆಲಸ ಯಾವುದು? ದಾಖಲೆ ಏನಿದೆ?

ಫೋನ್‌ಪೇ ನಂಬಿ ಕೂರಬೇಡಿ. ಭಾಗಶಃ ಪಾವತಿಯಿಂದ ಹೊಸ ಅವಧಿ ಶುರುವಾಗೋಕೆ ಕೊಟ್ಟವರ ಕೈಬರಹವೋ ಸಹಿಯೋ ಬೇಕು ಅಂತ ಕಾನೂನಲ್ಲಿದೆ.

ಕರಾರಿನಲ್ಲಿಲ್ಲದ ಕೆಲಸಕ್ಕೆ ಕರಾರು ಕಾಯ್ದೆ 1872ರ ಕಲಂ 70 ಇದೆ: ಪುಕ್ಕಟೆ ಅಂತ ಮಾಡದ ಕೆಲಸದ ಲಾಭ ಉಂಡವರು ಬೆಲೆ ಕೊಡಬೇಕು. ನಿಮ್ಮ ಪುಣ್ಯ, ಪ್ಲಿಂತ್ ನೆಲದ ಮೇಲೇ ಇದೆ. ಕೋರ್ಟ್ ಅಳತೆಗೆ ಕಳಿಸೋ ಕಮಿಷನರ್ ಟೇಪ್ ಹಿಡಿದರೆ ನಾಲ್ಕಡಿ ನಾಲ್ಕಡಿಯೇ. ಆ ಮೆಸೇಜ್ ಇರೋ ಫೋನ್ ಮಾರಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಸ್ಕ್ರೀನ್‌ಶಾಟ್ ಪ್ರಿಂಟ್ ಒಂದೇ ಸಾಲದು, ಫೋನಿನಂಥ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರ ಬೇಕು.

ಬಳ್ಳಾರಿ ಸದಸ್ಯ: ಚೆಕ್ ಬೌನ್ಸ್ ಆದ್ರೆ ಏನ್ ಮಾಡ್ಬೇಕು ಸರ್?

ವಕೀಲರು: ಮೇಲೆ ಓದಿ.

ಶಿವಮೊಗ್ಗ ಸದಸ್ಯ: ಇದೆಲ್ಲ ಯಾಕೆ? ದುಡ್ಡು ಬರೋವರೆಗೆ ಮನೆಗೆ ಬೀಗ ಜಡಿದು ಕೀ ಇಟ್ಕೊಂಡ್ರೆ ತಾನಾಗೇ ಬರ್ತಾರೆ.

ಬೆಂಗಳೂರಿನ ಮಾಲೀಕರು: ಇದೇ ನೋಡಿ ಮೇಸ್ತ್ರಿಗಳ ಬುದ್ಧಿ. ಅಡ್ವಾನ್ಸ್ ತಗೊಂಡು ಇನ್ನೊಂದು ಸೈಟಲ್ಲಿ ಇಟ್ಟಿಗೆ ಇಳಿಸೋದೂ ಇವರೇ.

ಶಿವಮೊಗ್ಗ ಸದಸ್ಯ: ಮೇಡಂ, ಕಿಟಕಿ ಮೂರು ಸಲ ಒಡೆಸಿ ಕಟ್ಟಿಸೋರು ಯಾರು?

ಬೆಂಗಳೂರಿನ ಮಾಲೀಕರು: ಸೊಟ್ಟಗೆ ಕಟ್ಟಿದ್ರೆ ಒಡೆಸದೆ ಆರತಿ ಎತ್ತಬೇಕಾ?

ತುಮಕೂರಿನ ಮಾಲೀಕ: ಸರಿಯಾಗಿ ಹೇಳಿದ್ರಿ ಮೇಡಂ.

ದಾವಣಗೆರೆ ಮೇಸ್ತ್ರಿ: ನಾನು ಯಾರ ಮನೆಗೂ ಬೀಗ ಹಾಕಿಲ್ಲ. ಬಿಡ್ರಪ್ಪ.

ಗದಗ ಸದಸ್ಯ: *ಫಾರ್ವರ್ಡ್* ಯಾವುದೇ ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೆ ರಿಜಿಸ್ಟರ್ ಆದಂತೆಯೇ! 6 ತಿಂಗಳು ದಾಟಿದ ಛಾಪಾ ಕಾಗದ ರದ್ದಿ! ಎಲ್ಲರಿಗೂ ಕಳಿಸಿ!

ವಕೀಲರು: ಯಾರಿಗೂ ಕಳಿಸಬೇಡಿ. ನೋಟರಿ ನೋಂದಣಿ ಅಲ್ಲ. ಆರು ತಿಂಗಳ ಗಡುವು ಇರೋದು ಬಳಸದ ಕಾಗದದ ದುಡ್ಡು ವಾಪಸ್ ಕೇಳೋಕೆ ಮಾತ್ರ, ಹಳೇ ಕಾಗದ ರದ್ದಿ ಆಗಲ್ಲ. ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಮುದ್ರಾಂಕ ಶುಲ್ಕ ಕಡಿಮೆಯಾದರೆ ಮಾತ್ರ ಹತ್ತು ಪಟ್ಟು ದಂಡದವರೆಗೂ ಹೋಗುತ್ತೆ. ಬೀಗ ಜಡಿಯೋ ಸಲಹೆ ಕೊಟ್ಟವರಿಗೆ: ಗೃಹಪ್ರವೇಶ ಆದ ಮನೆಗೆ ಬೀಗ ಹಾಕಿದರೆ ಪೊಲೀಸರು ಬರೋದು ನಿಮ್ಮ ಮನೆಗೆ.

ಗದಗ ಸದಸ್ಯ: ಬಂದಿದ್ದು ಹಾಕಿದೆ ಸರ್, ಅಷ್ಟಕ್ಕೆ ಬೈತೀರಾ.

ಮೈಸೂರು, ಸೆಂಟ್ರಿಂಗ್: ಸರ್, ನನ್ನ ಪ್ರಶ್ನೆ ಮೇಲಿದೆ.

ಕೋಲಾರ ಸದಸ್ಯ: ಸರ್ ಚೆಕ್ ಬೌನ್ಸ್...

ವಕೀಲರು: ಅಡ್ಮಿನ್, ಚೆಕ್ ಉತ್ತರ ಪಿನ್ ಮಾಡ್ರಿ ಪುಣ್ಯ ಬರುತ್ತೆ.

ದಾವಣಗೆರೆ ಮೇಸ್ತ್ರಿ: ಸರ್, ಕೊನೇ ಕೆಲಸ ಕಾಂಪೌಂಡ್ ಗೇಟ್ ನಿಲ್ಲಿಸಿದ್ದು. ಮಗಳು ಹಳೇ ಫೋನಲ್ಲಿ ಫೋಟೋ ಹುಡುಕಿದ್ಲು. 2023 ಮೇ 6 ಅಂತ ಇದೆ. ಮಾಲೀಕರೂ ಗೇಟ್ ಪಕ್ಕದಲ್ಲೇ ನಿಂತಿದಾರೆ.

ವಕೀಲರು: ಹಾಗಾದ್ರೆ ಮೇ 6ರಿಂದಲೇ ಎಣಿಸಿ, 10 ಮರೆತುಬಿಡಿ. ಕೋರ್ಟಿನ ಬೇಸಿಗೆ ರಜೆಯೂ ಅದೇ ಹೊತ್ತಿಗೆ ಬರುತ್ತೆ, ಕೊನೇ ದಿನದವರೆಗೆ ಕಾಯಬೇಡಿ. ಈ ವಾರವೇ ನಿಮ್ಮೂರಲ್ಲಿ ಸಿವಿಲ್ ವಕೀಲರನ್ನು ನೋಡಿ. ನಕ್ಷೆ, ಕರಾರು, ಆ ಹಳೇ ಫೋನು ಮೂರೂ ತಗೊಂಡು ಹೋಗಿ.